ಮೊದಲು ‘ಎಲ್ಲಿ?’, ಆಮೇಲೆ ‘ಏನು?’: ತುರ್ತು ಕರೆ ತಗೊಳ್ಳುವ ಕೆಲಸಕ್ಕೆ ಸೇರುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಕಂಟ್ರೋಲ್ ರೂಮಿಗೆ ಸೇರಿದ ಮೂರನೇ ವಾರದಲ್ಲಿ ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ರಾತ್ರಿ ಪಾಳಿ. ಒಬ್ಬ ಹೆಂಗಸು ಕಾಲ್ ಮಾಡಿ, "ನಮ್ಮೆಜಮಾನ್ರು ಮಾತಾಡ್ತಿಲ್ಲ, ಬೇಗ ಬನ್ನಿ" ಅಂದರು. ನಾನು ಮರುಕದಿಂದ "ಏನಾಯ್ತಮ್ಮಾ?" ಅಂದೆ. ಅವರು ಹೇಳತೊಡಗಿದರು. ಸಂಜೆಯಿಂದ ಎದೆ ಉರಿ ಅಂತಿದ್ರು, ಸೋಡಾ ಕುಡಿದ್ರು, ಮಲಗಿದ್ರು. ನಲವತ್ತು ಸೆಕೆಂಡ್ ಕೇಳಿದೆ. ಲೈನ್ ಕಟ್ಟಾಯಿತು. ವಾಪಸ್ ಮಾಡಿದರೆ ಸ್ವಿಚ್ ಆಫ್. ನನ್ನ ಹತ್ತಿರ ಅವರ ಕಥೆಯೆಲ್ಲ ಇತ್ತು, ಊರಿನ ಹೆಸರು ಮಾತ್ರ ಇರಲಿಲ್ಲ. ಪಕ್ಕದ ಮನೆಯವರು ಬೇರೆ ಫೋನಿಂದ ಮಾಡುವಷ್ಟರಲ್ಲಿ ಹದಿಮೂರು ನಿಮಿಷ ಕಳೆದಿತ್ತು.

ತರಬೇತಿಯಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದರು, ಮೊದಲು ಜಾಗ ಕೇಳಿ ಅಂತ. ಆದರೆ ಅಳುತ್ತಿರುವವರ ಮುಂದೆ "ಏನಾಯ್ತು" ಅನ್ನೋದು ನಾಲಿಗೆಗೆ ತಾನಾಗಿ ಬರುತ್ತದೆ. ಈ ಕೆಲಸದ ಅರ್ಧ ಅಭ್ಯಾಸ ಅಂದರೆ ಆ ನಾಲಿಗೆಯನ್ನು ತಡೆಯುವುದೇ.

ಯಾವ ಕುರ್ಚಿಯಲ್ಲಿ ಕೂರುತ್ತೀರಿ

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ನಂಬರ್‌ಗಳ ಹಿಂದೆ ಈ ಕೆಲಸ ನಡೆಯುತ್ತದೆ. ಒಂದು 108, ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆ. ಇದು ನಮ್ಮಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಇನ್ನೊಂದು 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ನಂಬರ್ ಇರಲಿ ಅಂತ ತಂದದ್ದು. ದೇಶದಲ್ಲಿ ಮೊದಲು 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಚಾಲೂ ಆಯಿತು, ಆಮೇಲೆ ಒಂದೊಂದೇ ರಾಜ್ಯಕ್ಕೆ ಬಂತು. ಲಂಡನ್ನಿನಲ್ಲಿ 999 ಬಂದದ್ದು 1937ರಲ್ಲಿ. ಅಮೆರಿಕದ ಮೊದಲ 911 ಕಾಲ್ ಹೋದದ್ದು 1968ರಲ್ಲಿ, ಅಲಬಾಮಾದ ಹೇಲಿವಿಲ್ ಅನ್ನೋ ಚಿಕ್ಕ ಊರಿನಿಂದ. ನಾವು ಸ್ವಲ್ಪ ತಡವಾಗಿ ಬಂದವರು.

ರೂಮಿನೊಳಗೆ ಸಾಮಾನ್ಯವಾಗಿ ಎರಡು ಬಗೆಯ ಕೆಲಸ ಇರುತ್ತದೆ. ಕಾಲ್ ಟೇಕರ್ ಫೋನ್ ಎತ್ತಿ, ವಿಷಯ ಕೇಳಿ, ಸಿಸ್ಟಮ್‌ನಲ್ಲಿ ಕೇಸ್ ತೆರೆಯುತ್ತಾರೆ. ಡಿಸ್ಪ್ಯಾಚರ್ ಆ ಕೇಸ್ ನೋಡಿ ಯಾವ ಗಾಡಿ ಹೋಗಬೇಕು ಅಂತ ತೀರ್ಮಾನಿಸಿ ಕಳಿಸುತ್ತಾರೆ, ತಲುಪುವವರೆಗೆ ಬೆನ್ನು ಹತ್ತುತ್ತಾರೆ. ಇಬ್ಬರ ಸ್ಕ್ರೀನೂ ಒಂದಕ್ಕೊಂದು ಜೋಡಿಸಿರುತ್ತದೆ. ನೀವು ಟೈಪ್ ಮಾಡಿದ ಸಾಲು ಆಚೆ ಕಡೆಯವರಿಗೆ ಆಗಲೇ ಕಾಣುತ್ತಿರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಚಿಕ್ಕ ಕಂಟ್ರೋಲ್ ರೂಮ್‌ಗಳಲ್ಲಿ ಎರಡೂ ಕೆಲಸ ಒಬ್ಬರದೇ.

ಸೇರುವ ಮುಂಚೆ ಮನೆಯಲ್ಲೇ ಮಾಡಬಹುದಾದದ್ದು

ಕೇಳುತ್ತಾ ಟೈಪ್ ಮಾಡುವುದು ಕಲಿಯಿರಿ. ಟಿವಿ ವಾರ್ತೆ ಹಾಕಿಕೊಂಡು, ಹೇಳಿದ ಊರು, ಹೆಸರು, ಸಂಖ್ಯೆಗಳನ್ನು ಮಾತ್ರ ಟೈಪ್ ಮಾಡಿ. ಮೊದಲ ವಾರ ಕೈ ಓಡಿದರೆ ಕಿವಿ ನಿಲ್ಲುತ್ತದೆ, ಕಿವಿ ಓಡಿದರೆ ಕೈ ನಿಲ್ಲುತ್ತದೆ. ಆಮೇಲೆ ಸರಿಹೋಗುತ್ತದೆ.

ನಿಮ್ಮ ಜಿಲ್ಲೆಯ ನಕ್ಷೆಯನ್ನು ಬಾಯಿಪಾಠ ಮಾಡಿ. ತಾಲೂಕು, ಹೋಬಳಿ, ದೊಡ್ಡ ಸರ್ಕಲ್‌ಗಳು, ರೈಲ್ವೆ ಗೇಟ್‌ಗಳು, ಘಾಟಿಗಳು. ಜಿಪಿಎಸ್ ಇದೆಯಲ್ಲ ಅನ್ನಬೇಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ ಅನ್ನೋದು ಮ್ಯಾಪಿಗೆ ತಡವಾಗಿ ಗೊತ್ತಾಗುತ್ತದೆ. ಅದು ಮುಚ್ಚಿದರೆ ಚಾರ್ಮಾಡಿಯಲ್ಲಿ ಗಾಡಿಗಳ ಸಾಲು ಬೆಳೆಯುತ್ತದೆ ಅನ್ನೋದು ಗೊತ್ತಿರುವವರಿಗೆ ಮಾತ್ರ ಗೊತ್ತು.

ಇನ್ನೊಂದು ಸಣ್ಣ ಕೆಲಸ. ‘ಎಲ್ಲಿ’ ಅನ್ನುವ ಪದವನ್ನು ಸುತ್ತಲಿನ ಭಾಷೆಗಳಲ್ಲಿ ಕಲಿಯಿರಿ. ತುಳುವಿನಲ್ಲಿ ‘ಓಲು’, ಕೊಂಕಣಿಯಲ್ಲಿ ‘ಖಂಯ್’, ತೆಲುಗಿನಲ್ಲಿ ‘ಎಕ್ಕಡ’, ತಮಿಳಿನಲ್ಲಿ ‘ಎಂಗೆ’, ಮಲಯಾಳಂನಲ್ಲಿ ‘ಎವಿಡೆ’, ಮರಾಠಿಯಲ್ಲಿ ‘ಕುಠೆ’, ಹಿಂದಿಯಲ್ಲಿ ‘ಕಹಾಂ’. ಆ ಭಾಷೆ ಬಲ್ಲ ಸಹೋದ್ಯೋಗಿ ಲೈನಿಗೆ ಬರುವ ತನಕ ಜಾಗವಾದರೂ ಕೈಗೆ ಸಿಕ್ಕಿರುತ್ತದೆ.

ಹೆಜ್ಜೆ 1: ಪಾಳಿ ಶುರುವಾಗುವ ಮೊದಲ ಹತ್ತು ನಿಮಿಷ

ಬಂದ ತಕ್ಷಣ ಕಾಲ್ ತಗೋಬೇಡಿ. ಹಿಂದಿನ ಪಾಳಿಯವರಿಂದ ಮೂರು ವಿಷಯ ಕೇಳಿ. ಯಾವ ಕೇಸ್ ಇನ್ನೂ ತೆರೆದಿದೆ? ಯಾವ ಗಾಡಿ ಕೆಟ್ಟು ನಿಂತಿದೆ? ಇವತ್ತು ಎಲ್ಲಿ ಜಾತ್ರೆ, ಬಂದ್, ರಸ್ತೆ ಅಗೆತ ಇದೆ? ಹೆಡ್‌ಸೆಟ್ ಪರೀಕ್ಷಿಸಿ. ನೀರಿನ ಬಾಟಲಿ ಪಕ್ಕದಲ್ಲಿರಲಿ. ಗಂಟಲು ಒಣಗಿದರೆ ದನಿ ಗಡುಸಾಗುತ್ತದೆ. ಆಚೆ ಕಡೆಯವರಿಗೆ ಅದು ಸಿಟ್ಟಿನ ಹಾಗೆ ಕೇಳಿಸುತ್ತದೆ.

ಹೆಜ್ಜೆ 2: ಜಾಗ ಹಿಡಿಯುವುದು

"ನಮಸ್ಕಾರ, 112. ಗಾಡಿ ಎಲ್ಲಿಗೆ ಬರಬೇಕು ಹೇಳಿ." ನಾನು ಹೀಗೆ ಕೇಳುತ್ತೇನೆ. "ಎಲ್ಲಿಂದ ಮಾತಾಡ್ತಿದ್ದೀರಿ" ಅಂದರೆ ಬೆಂಗಳೂರಿನಲ್ಲಿರುವ ಮಗ ಬೆಂಗಳೂರು ಅನ್ನುತ್ತಾನೆ, ಬಿದ್ದಿರುವ ಅಪ್ಪ ಶಿರಸಿಯಲ್ಲಿರುತ್ತಾರೆ.

ಸ್ಕ್ರೀನಿನಲ್ಲಿ ಫೋನ್ ಇರುವ ಜಾಗ ಕಾಣುತ್ತದೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವೊಮ್ಮೆ ಚುಕ್ಕಿಯ ಹಾಗೆ ಕಾಣುತ್ತದೆ. ಎಷ್ಟೋ ಸಲ ಒಂದು ದೊಡ್ಡ ವೃತ್ತ ಕಾಣುತ್ತದೆ. ಪೇಟೆಯಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ವೃತ್ತ ಚಿಕ್ಕದು. ಮಲೆನಾಡಿನಲ್ಲಿ ಅದೇ ವೃತ್ತದೊಳಗೆ ನಾಲ್ಕೈದು ಹಳ್ಳಿ ಮತ್ತು ಒಂದು ಕಾಡು ಇರಬಹುದು. ಅತ್ತಿಬೆಲೆ, ತಲಪಾಡಿ, ನಿಪ್ಪಾಣಿಯಂಥ ಗಡಿಯಲ್ಲಿ ಫೋನ್ ಪಕ್ಕದ ರಾಜ್ಯದ ಟವರ್ ಹಿಡಿದರೆ ಕಾಲ್ ಅತ್ತ ಹೋಗಬಹುದು, ಅತ್ತಲಿನದು ಇತ್ತ ಬರಬಹುದು. ಆಗ "ರಾಂಗ್ ನಂಬರ್" ಅಂತ ಇಡಬೇಡಿ. ಜಾಗ, ನಂಬರ್ ಬರೆದುಕೊಂಡು ಅಲ್ಲಿಯ ಕೇಂದ್ರಕ್ಕೆ ನೀವೇ ದಾಟಿಸಿ.

ಹಳ್ಳಿಯ ಹೆಸರು ಒಂದೇ ಸಾಲದು. ಹೊಸಹಳ್ಳಿ, ರಾಂಪುರ, ಗೊಲ್ಲರಹಟ್ಟಿ ಇಲ್ಲದ ಜಿಲ್ಲೆ ಹುಡುಕುವುದು ಕಷ್ಟ. ಕೊಪ್ಪ ಅಂದರೆ ಚಿಕ್ಕಮಗಳೂರಿನದೋ, ಮದ್ದೂರಿನ ಹತ್ತಿರದ್ದೋ? ತಾಲೂಕು ಕೇಳಿ, ಹೋಬಳಿ ಕೇಳಿ. ಅದೂ ಗೊತ್ತಿಲ್ಲ ಅಂದರೆ "ಸಂತೆಗೆ ಎಲ್ಲಿಗೆ ಹೋಗ್ತೀರಿ?" ಅನ್ನಿ. ಅಜ್ಜಿಯರಿಗೆ ಇದು ತಾಲೂಕಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಗುರುತು: ಅರಳಿಕಟ್ಟೆ, ಮಾರಿಗುಡಿ, ಹಾಲಿನ ಡೈರಿ, ಶಾಲೆ, ಸೊಸೈಟಿ.

ಬೆಂಗಳೂರಿನ ಗೋಳು ಬೇರೆ. "5ನೇ ಮೇನ್, 8ನೇ ಕ್ರಾಸ್" ಅಂದರೆ ವಿಳಾಸ ಹೇಳಿದ ಹಾಗೆ ಅಂತ ಜನ ನಂಬಿದ್ದಾರೆ. ಅದು ಜಯನಗರದಲ್ಲೂ ಇದೆ, ಮಲ್ಲೇಶ್ವರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ. ಬಡಾವಣೆ, ಬ್ಲಾಕ್ ಅಥವಾ ಸ್ಟೇಜ್, ಆಮೇಲೆ ಮೇನ್, ಆಮೇಲೆ ಕ್ರಾಸ್. ಈ ಸಾಲಿನಲ್ಲೇ ಕೇಳಿ. ಅಪಾರ್ಟ್‌ಮೆಂಟ್ ಆದರೆ ಟವರ್, ಮಹಡಿ, ಯಾವ ಗೇಟ್ ತೆರೆದಿದೆ ಅನ್ನೋದೂ ಬೇಕು. ಒಬ್ಬರನ್ನು ಗೇಟಿಗೆ ಕಳಿಸಿ, ಲಿಫ್ಟ್ ಕೆಳಗೆ ಹಿಡಿದಿಡಿ ಅನ್ನಿ.

ಹೆದ್ದಾರಿಯಲ್ಲಿ ಅಪಘಾತ ನೋಡಿ ಕಾಲ್ ಮಾಡುವವರಿಗೆ ತಾವು ಎಲ್ಲಿದ್ದೇವೆ ಅಂತ ಗೊತ್ತಿರುವುದಿಲ್ಲ. "ಕೊನೆಗೆ ದಾಟಿದ ಟೋಲ್ ಯಾವುದು? ಯಾವ ಊರಿಂದ ಯಾವ ಊರಿಗೆ ಹೊರಟಿದ್ದೀರಿ?" ಅನ್ನಿ. ಎರಡನೆಯ ಪ್ರಶ್ನೆ ಮುಖ್ಯ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಗಾಡಿ ತಪ್ಪು ಬದಿಗೆ ಬಂದರೆ ಮುಂದಿನ ತಿರುವಿನವರೆಗೆ ಹೋಗಿ ವಾಪಸ್ ಬರಬೇಕು. ಕಿಲೋಮೀಟರ್ ಕಲ್ಲಿದ್ದರೆ ಅದರ ಮೇಲಿನ ಅಂಕಿ ಓದಿಸಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲೂ ಇಲ್ಲ ಅಂದರೆ ಹತ್ತಿರದ ಅಂಗಡಿ ಬೋರ್ಡ್ ಓದಿಸಿ. ಬೋರ್ಡಿನ ಕೆಳಗಡೆ ಊರಿನ ಹೆಸರು ಇದ್ದೇ ಇರುತ್ತದೆ. ಕರೆಂಟ್ ಕಂಬದ ನಂಬರ್ ಕೂಡ ಉಪಯೋಗಕ್ಕೆ ಬಂದದ್ದುಂಟು.

ಕೊನೆಗೆ ವಾಪಸ್ ಓದಿ ಹೇಳಿ: "ಮದ್ದೂರು ತಾಲೂಕು ಕೊಪ್ಪ, ಹಾಲಿನ ಡೈರಿ ಹಿಂದಿನ ಮನೆ, ಸರಿನಾ?" ಫೋನ್ ನಂಬರ್ ಒಂದೊಂದೇ ಅಂಕಿಯಾಗಿ ಓದಿ.

ಹೆಜ್ಜೆ 3: ಎರಡು ಪ್ರಶ್ನೆ

ಜಾಗ ಸಿಕ್ಕ ಮೇಲೆ "ಏನಾಗಿದೆ?" ಕೇಳಿ. ಒಂದೇ ವಾಕ್ಯ ಸಾಕು. ಯಾರೋ ಬಿದ್ದಿದ್ದಾರೆ ಅಂದರೆ ಮುಂದಿನ ಪ್ರಶ್ನೆ ಎರಡೇ: "ಕರೆದರೆ, ಅಲ್ಲಾಡಿಸಿದರೆ ಎಚ್ಚರ ಆಗ್ತಾರಾ? ಉಸಿರು ಮಾಮೂಲಿನಂತೆ ಆಡ್ತಿದೆಯಾ?"

ಎರಡನೆಯದಕ್ಕೆ ಬರುವ ಉತ್ತರವನ್ನು ಸುಮ್ನೆ ನಂಬಬೇಡಿ. "ಉಸಿರಿದೆ ಸಾರ್, ಗೊರಕೆ ಹೊಡೀತಿದ್ದಾರೆ" ಅನ್ನುತ್ತಾರೆ. ಎಚ್ಚರವಿಲ್ಲದವರು ಆಗೊಮ್ಮೆ ಈಗೊಮ್ಮೆ ಗೊರ್ ಅಂದರೆ ಅದು ಹೃದಯ ನಿಂತಾಗ ಬರುವ ಏದುಸಿರು ಇರಬಹುದು. "ಪ್ರತಿ ಸಲ ಉಸಿರು ತಗೊಂಡಾಗ ‘ಈಗ’ ಅನ್ನಿ" ಅಂತ ಹೇಳಿ, ಗಡಿಯಾರ ನೋಡಿ. ‘ಈಗ’ಗಳ ನಡುವೆ ಉದ್ದುದ್ದ ಗ್ಯಾಪ್ ಇದ್ದರೆ ಸಿಪಿಆರ್, ಅಂದರೆ ನಿಂತ ಹೃದಯಕ್ಕೆ ಎದೆ ಒತ್ತುವುದು, ಶುರು ಮಾಡಿಸಿ.

ಪ್ರಶ್ನೆ ಕೇಳುತ್ತಿದ್ದರೆ ಜನಕ್ಕೆ ಸಿಟ್ಟು ಬರುತ್ತದೆ. "ಮೊದಲು ಗಾಡಿ ಕಳಿಸ್ರೀ, ಆಮೇಲೆ ಕೇಳ್ರೀ!" ತಪ್ಪೇನಿಲ್ಲ. ಇವರು ಕೇಳಿ ಮುಗಿಸಿದ ಮೇಲೇ ಗಾಡಿ ಹೊರಡುವುದು ಅಂತ ಅವರು ತಿಳಿದಿರುತ್ತಾರೆ. ಸ್ಕ್ರೀನ್ ಜೋಡಿಸಿರುತ್ತದೆ ಅಂದೆನಲ್ಲ? ಅದನ್ನೇ ಹೇಳಿ. "ಇನ್ನೊಬ್ಬರು ಈಗಲೇ ಗಾಡಿ ಹೊರಡಿಸ್ತಿದ್ದಾರೆ. ನಾನು ಕೇಳೋದರಿಂದ ತಡ ಆಗಲ್ಲ." ಈ ಒಂದು ಮಾತಿನಿಂದ ತಣ್ಣಗಾದಷ್ಟು ಜನ ಬೇರೆ ಯಾವ ಮಾತಿನಿಂದಲೂ ಆಗಿಲ್ಲ.

"ಗಾಬರಿ ಆಗಬೇಡಿ" ಅನ್ನೋದು ದಂಡ. ಅದರ ಬದಲು ಕೈಗೊಂದು ಕೆಲಸ ಕೊಡಿ: ಲೈಟ್ ಹಾಕಿ, ಬಾಗಿಲು ತೆಗೆಯಿರಿ, ಫೋನ್ ಸ್ಪೀಕರಿಗೆ ಹಾಕಿ. ಕಿರುಚುತ್ತಿದ್ದರೆ ನೀವು ದನಿ ಏರಿಸಬೇಡಿ. ಅದೇ ವಾಕ್ಯ, ಅದೇ ದನಿ, ಮತ್ತೆ ಮತ್ತೆ: "ಅಕ್ಕಾ, ಊರ ಹೆಸರು ಹೇಳಿ. ಅಕ್ಕಾ, ಊರ ಹೆಸರು ಹೇಳಿ." ಮೂರನೆಯ ಸಲಕ್ಕೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಧಾರವಾಡದ ಕಡೆಯ ತಾಯಿಗೆ ‘ಅವ್ವಾ’ ಅಂದರೆ ಬೇಗ ಕಿವಿಗೆ ಬೀಳುತ್ತದೆ. ‘ಮೇಡಂ’ ಅಂದರೆ ಯಾರನ್ನೋ ಕರೆದಂತೆ ಇರುತ್ತದೆ.

ಜನ ಬಳಸುವ ಮಾತು, ಅದರ ಅರ್ಥ

ಇದನ್ನು ಯಾವ ಕೈಪಿಡಿಯಲ್ಲೂ ಬರೆದಿರಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

"ಹುಳ ಮುಟ್ಟಿದೆ" ಅಂದರೆ ಹಾವು ಕಚ್ಚಿದೆ ಅಂತ. ರಾತ್ರಿ ಹಾವಿನ ಹೆಸರೆತ್ತಬಾರದು ಅನ್ನುವ ನಂಬಿಕೆ ಹಳ್ಳಿಗಳಲ್ಲಿದೆ. ಪೇಟೆಯಲ್ಲಿ ಬೆಳೆದ ಹೊಸ ಹುಡುಗನೊಬ್ಬ ಇದನ್ನು ‘ಕೀಟ ಕಡಿತ’ ಅಂತ ಟೈಪ್ ಮಾಡಿದ್ದನ್ನು ನಾನೇ ನೋಡಿ ತಿದ್ದಿದ್ದೇನೆ.

"ಎಣ್ಣೆ ಕುಡಿದಿದ್ದಾನೆ" ಅಂದರೆ ಮೈಸೂರು ಕಡೆ ಕುಡಿದು ಬಿದ್ದಿದ್ದಾನೆ ಅಂತ. ಹಾವೇರಿ, ಧಾರವಾಡದ ಕಡೆ "ಎಣ್ಣಿ ಕುಡದಾನ" ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದಿದ್ದಾನೆ ಅಂತ. "ಔಷಧಿ ಕುಡಿದಿದ್ದಾನೆ" ಅನ್ನೋದೂ ಅದೇ. ನಕ್ಕು ಇಡುವ ಕಾಲ್ ಅಲ್ಲ ಇದು. "ಹೊಲಕ್ಕೆ ಹೊಡೆಯೋದಾ?" ಅಂತ ನೇರವಾಗಿ ಕೇಳಿ. ಹೌದು ಅಂದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ ಅನ್ನಿ. ಡಬ್ಬವನ್ನು ಆಸ್ಪತ್ರೆಗೆ ತರಲು ಹೇಳಿ.

"ಗ್ಯಾಸ್ಟ್ರಿಕ್ ಆಗಿದೆ" ಅನ್ನುವಾಗ ವಯಸ್ಸು ಕೇಳಿ. ಬೆವರು ಬರುತ್ತಿದೆಯಾ, ನೋವು ಭುಜಕ್ಕೋ ದವಡೆಗೋ ಹರಡಿದೆಯಾ ಕೇಳಿ. ನನ್ನ ಮೊದಲ ತಪ್ಪಿನ ‘ಎದೆ ಉರಿ’ ಗ್ಯಾಸ್ಟ್ರಿಕ್ ಆಗಿರಲಿಲ್ಲ.

"ಲಕ್ವ ಹೊಡೆದಿದೆ" ಅಂದರೆ ಪಾರ್ಶ್ವವಾಯು. ಯಾವಾಗಿಂದ ಅಂತ ಕೇಳಿ ಹೊತ್ತು ಬರೆಯಿರಿ. ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ. "ಮೈಮೇಲೆ ಬಂದಿದೆ" ಅಂದರೆ ಕೆಲವೊಮ್ಮೆ ಫಿಟ್ಸ್ ಇರುತ್ತದೆ. ಕೈಕಾಲು ಜಾಡಿಸ್ತಿದ್ದಾರಾ, ಬಾಯಲ್ಲಿ ನೊರೆ ಇದೆಯಾ ಕೇಳಿ. ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ ಅನ್ನಿ.

ಹೆಜ್ಜೆ 4: ಗಾಡಿ ಬರುವ ತನಕ ಅವರ ಕೈಯಲ್ಲಿ ಮಾಡಿಸುವುದು

ನಿಮ್ಮ ಕೇಂದ್ರದ ಪ್ರೋಟೋಕಾಲ್ ಕಾರ್ಡ್ (ಯಾವ ಕಾಲ್‌ಗೆ ಏನು ಹೇಳಬೇಕು ಅನ್ನುವ ಪಟ್ಟಿ) ಏನು ಹೇಳುತ್ತದೋ ಅದೇ ಕೊನೆ. ವೈದ್ಯರು ಲೈನಿನಲ್ಲಿ ಸಿಗುವ ಕೇಂದ್ರವಾದರೆ ಅವರಿಗೆ ಜೋಡಿಸಿ. ಆದರೆ ಸಿಪಿಆರ್ ಅಷ್ಟು ಹೊತ್ತು ಕಾಯುವುದಿಲ್ಲ.

ದೊಡ್ಡವರಾದರೆ ಹೇಳುವ ಸಾಲು ಹೀಗೆ: "ಮಂಚದಿಂದ ನೆಲಕ್ಕೆ ಇಳಿಸಿ, ಅಂಗಾತ ಮಲಗಿಸಿ. ಪಕ್ಕದಲ್ಲಿ ಮೊಣಕಾಲೂರಿ. ಎದೆಯ ನಡುವೆ ಅಂಗೈಯ ಬುಡ ಇಡಿ. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ. ಜೋರಾಗಿ ಒತ್ತಿ, ಬಿಡಿ. ನನ್ನ ಜೊತೆ ಎಣಿಸಿ." ಎದೆ ಸುಮಾರು 5 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. ಎಣಿಕೆಯಲ್ಲಿ ಒಂದು ಕಿವಿಮಾತು. ಕನ್ನಡದಲ್ಲಿ ಹತ್ತು ದಾಟಿದರೆ ಹನ್ನೊಂದು, ಹನ್ನೆರಡು, ಹದಿಮೂರು ಅಂತ ಪದ ಉದ್ದವಾಗಿ ವೇಗ ಬಿದ್ದುಹೋಗುತ್ತದೆ. "ಒಂದ್, ಎರಡ್, ಮೂರ್, ನಾಕ್" ಅಂತ ನಾಲ್ಕಕ್ಕೇ ಸುತ್ತು ಹಾಕಿ. "ಪಕ್ಕೆಲುಬು ಮುರಿದರೆ?" ಅಂತ ಕೇಳುತ್ತಾರೆ. "ಮುರಿದರೆ ಕೂಡಿಸಬಹುದು, ಒತ್ತಿ" ಅನ್ನಿ. ಇಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಗಾಡಿಯವರು ಬಂದು ಕೈ ಹಾಕುವ ತನಕ ನಿಲ್ಲಿಸಬಾರದು, ನೀವೂ ಎಣಿಸುವುದನ್ನು ಬಿಡಬಾರದು.

ಹಾವು ಕಚ್ಚಿದ್ದರೆ ಹೆಚ್ಚು ಹೇಳುವುದು ಏನು ಮಾಡಬಾರದು ಅನ್ನೋದನ್ನೇ. ಕೊಯ್ಯಬೇಡಿ, ಚೀಪಬೇಡಿ, ಹಗ್ಗ ಕಟ್ಟಬೇಡಿ, ಹಾವು ಹಿಡಿಯಲು ಹೋಗಬೇಡಿ, ನಡೆಸಬೇಡಿ. ಕಾಲುಂಗುರ, ಬಳೆ, ಉಂಗುರ ಬಿಚ್ಚಿಸಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಡಿಸಿ. ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಿಢೀರ್ ಬಿಚ್ಚುವುದು ಬೇಡ, ಅದು ಆಸ್ಪತ್ರೆಯಲ್ಲಿ ಆಗಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹಾಗಾಗಿ ಕಚ್ಚಿದ ಹೊತ್ತು, ಜಾಗ ಸರಿಯಾಗಿ ಬರೆಯಿರಿ.

ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು, ಟೂತ್‌ಪೇಸ್ಟ್ ಬೇಡ. ಹೆರಿಗೆ ಆಗುತ್ತಿದ್ದರೆ ಮಗುವನ್ನು ಎಳೆಯಬಾರದು. ಬಂದ ಮಗುವನ್ನು ಒರೆಸಿ, ತಾಯಿಯ ಎದೆ ಮೇಲೆ ಮಲಗಿಸಿ, ಬೆಚ್ಚಗೆ ಹೊದಿಸಿ. ಹೊಕ್ಕುಳಬಳ್ಳಿ ಕತ್ತರಿಸುವ ಅವಸರ ಬೇಡ. ಗ್ಯಾಸ್ ವಾಸನೆ ಅಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ, ಹೊರಗಿಂದ ಮಾತಾಡಿ ಅನ್ನಿ. ತಂತಿ ಬಿದ್ದಿದ್ದರೆ ಯಾರೂ ಹತ್ತಿರ ಹೋಗಬಾರದು. ಅಷ್ಟರಲ್ಲಿ ನೀವು ಇನ್ನೊಂದು ಲೈನಿನಲ್ಲಿ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ ಕರೆಂಟ್ ತೆಗೆಸಿ.

ಹೆಜ್ಜೆ 5: ಗಾಡಿ ಕಳಿಸುವುದು

ಡಿಸ್ಪ್ಯಾಚರ್ ಕುರ್ಚಿಯಲ್ಲಿದ್ದರೆ ಪೂರ್ತಿ ಮಾಹಿತಿಗೆ ಕಾಯಬೇಡಿ. ಜಾಗ ಮತ್ತು ಒಂದು ಸಾಲು ಸಿಕ್ಕಿದರೆ ಹೊರಡಿಸಿ, ಉಳಿದದ್ದನ್ನು ದಾರಿಯಲ್ಲಿ ಹೇಳಿ.

ಹತ್ತಿರದ ಗಾಡಿ ಅಂದರೆ ಬೇಗ ತಲುಪುವ ಗಾಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಮ್ಯಾಪಿನಲ್ಲಿ ಈಚೆ ದಡಕ್ಕೆ ತೀರಾ ಹತ್ತಿರ. ಆದರೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಗುವವರೆಗೆ ನಡುವೆ ಇದ್ದದ್ದು ಜನ, ಗಾಡಿ ದಾಟಿಸುವ ಲಾಂಚ್ (ಯಂತ್ರದ ದೋಣಿ). ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಪ್ರತಿ ಜಿಲ್ಲೆಯಲ್ಲೂ ಇಂಥ ಮೋಸದ ಜಾಗಗಳಿವೆ. ನಿಮ್ಮ ಜಿಲ್ಲೆಯವು ಯಾವುವು ಅಂತ ಹಳಬರಲ್ಲಿ ಕೇಳಿ ಪಟ್ಟಿ ಮಾಡಿ.

ವೈರ್‌ಲೆಸ್‌ನಲ್ಲಿ ಮಾತು ಚಿಕ್ಕದಿರಲಿ: ಯಾರಿಗೆ, ಎಲ್ಲಿಗೆ, ಏನು, ಏನು ಅಪಾಯ. ಅಪಾಯದ ಮಾತನ್ನು ಯಾವತ್ತೂ ನುಂಗಬೇಡಿ. ಮಚ್ಚು ಹಿಡಿದವನು ಅಲ್ಲೇ ಇದ್ದರೆ ಆಂಬುಲೆನ್ಸನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಪೊಲೀಸರು ಸರಿ ಅಂದ ಮೇಲೆ ಒಳಗೆ ಬಿಡಬೇಕು. ಬಸ್ಸಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರೆ ಆಂಬುಲೆನ್ಸ್ ಜೊತೆಗೇ ಅಗ್ನಿಶಾಮಕದವರಿಗೂ ಹೇಳಿ. ಅವರ ಹತ್ತಿರವೇ ತಗಡು ಕತ್ತರಿಸುವ ಸಾಮಾನು ಇರುವುದು.

ಒಂದು ದೊಡ್ಡ ಅಪಘಾತಕ್ಕೆ ಹತ್ತಾರು ಕಾಲ್ ಬರುತ್ತವೆ. "ಗೊತ್ತು, ಗಾಡಿ ಬರ್ತಿದೆ" ಅಂತ ಇಡುವ ಚಟ ಬೇಗ ಅಂಟಿಕೊಳ್ಳುತ್ತದೆ. ಪ್ರತಿಯೊಬ್ಬರಿಗೂ "ಯಾವ ಬದಿ? ಯಾವ ಗಾಡಿಗಳು?" ಅಂತ ಕೇಳಿ. ಹನ್ನೊಂದನೆಯವರು ಹೇಳುತ್ತಿರುವುದು ಒಂದು ಕಿಲೋಮೀಟರ್ ಮುಂದೆ ಆದ ಬೇರೆಯದೇ ಅಪಘಾತ ಇರಬಹುದು. ಸಹಾಯ ಮಾಡಿದರೆ ಸ್ಟೇಷನ್ನಿಗೆ ಅಲೆಯಬೇಕಾ ಅಂತ ಹೆದರುವವರಿಗೆ ಧೈರ್ಯ ಹೇಳಿ. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಂ ಅವರ ಬೆನ್ನಿಗಿದೆ.

ಮಾತಿಲ್ಲದ ಕಾಲ್

ಮೊಬೈಲಿನ ಪವರ್ ಬಟನ್ ಮೂರು ಸಲ ಬೇಗ ಒತ್ತಿದರೆ, ಹಳೆಯ ಬಟನ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ಹೋಗುವ ವ್ಯವಸ್ಥೆ ಇದೆ. ಹಾಗಾಗಿ ಜೇಬಿನಿಂದ, ಮಕ್ಕಳ ಕೈಯಿಂದ ಬರುವ ಖಾಲಿ ಕಾಲ್ ಜಾಸ್ತಿ. ಬೇಸರ ಬರುತ್ತದೆ, ಸಹಜ. ಆದರೂ ಹಿಂದಿನ ಸದ್ದು ಕೇಳಿಸಿಕೊಳ್ಳಿ, ಕಟ್ಟಾದರೆ ವಾಪಸ್ ಮಾಡಿ. ಒಬ್ಬಳು ಹೆಂಗಸು "ಹಾಂ ಅತ್ತೆ, ಊಟ ಆಯ್ತು" ಅಂತ ಸಂಬಂಧವಿಲ್ಲದೆ ಮಾತಾಡುತ್ತಿದ್ದರೆ ಅವಳ ಎದುರಿಗೆ ಯಾರೋ ನಿಂತಿರಬಹುದು. "ಅಪಾಯದಲ್ಲಿದ್ದರೆ ‘ಹೂಂ’ ಅನ್ನಿ. ಅವನು ಅಲ್ಲೇ ಇದ್ದಾನಾ? ಕೈಯಲ್ಲಿ ಏನಾದ್ರೂ ಇದೆಯಾ?" ಹೂಂ, ಊಹೂಂ ಎರಡರಲ್ಲೇ ಕೆಲಸ ಮುಗಿಸಿ. ಅಂಥ ಕಾಲ್ ಕಟ್ಟಾದರೆ ಮಾತ್ರ ವಾಪಸ್ ಮಾಡುವ ಮುಂಚೆ ಸೂಪರ್‌ವೈಸರ್ ಕೇಳಿ. ರಿಂಗ್ ಆದರೆ ಅವಳಿಗೇ ಪೆಟ್ಟು ಬೀಳಬಹುದು.

ಸಾಯುತ್ತೇನೆ ಅನ್ನುವವರ ಜೊತೆ ವಾದ ಬೇಡ, ಬುದ್ಧಿವಾದವೂ ಬೇಡ. ಎಲ್ಲಿದ್ದೀರಿ, ಒಬ್ಬರೇ ಇದ್ದೀರಾ, ಈಗಾಗಲೇ ಏನಾದ್ರೂ ಮಾಡಿಕೊಂಡಿದ್ದೀರಾ ಅಂತ ನೇರವಾಗಿ ಕೇಳಿ. ಗಾಡಿ ತಲುಪುವ ತನಕ ಲೈನಿನಲ್ಲಿರಿ. ಅಪಾಯ ತಕ್ಷಣದ್ದಲ್ಲ ಅನ್ನಿಸಿದರೂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಬರೆದಿಡುವುದು, ಎದ್ದು ಹೋಗುವುದು

ಕೇಸಿನಲ್ಲಿ ಕೇಳಿದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. ‘ಕುಡಿದಿದ್ದ’ ಅಂತ ಬೇಡ, ‘ಮಾತು ತೊದಲುತ್ತಿತ್ತು’ ಅನ್ನಿ. ಸಕ್ಕರೆ ಕಡಿಮೆಯಾದವರೂ ತೊದಲುತ್ತಾರೆ. ಪ್ರತಿ ಕಾಲ್ ರೆಕಾರ್ಡ್ ಆಗುತ್ತದೆ. ಕೇಳಿದ ಮಾತು ಮನೆಯಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಬರಬಾರದು.

ಈ ಕೆಲಸದಲ್ಲಿ ಕಥೆಯ ಕೊನೆ ಗೊತ್ತಾಗುವುದಿಲ್ಲ. ಹನ್ನೆರಡು ನಿಮಿಷ ಎಣಿಸಿರುತ್ತೀರಿ, ಗಾಡಿಯವರು ಬಂದರು ಅಂತ ಫೋನ್ ಇಡುತ್ತಾರೆ, ಅಷ್ಟೇ. ಮೊದಮೊದಲು ನಾನು ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತಿದ್ದೆ. ಬಿಟ್ಟುಬಿಟ್ಟೆ. ಕೆಟ್ಟ ಕಾಲ್ ಆದ ಮೇಲೆ ಐದು ನಿಮಿಷ ಎದ್ದು ಹೋಗಲು ಸೂಪರ್‌ವೈಸರನ್ನು ಕೇಳಿ, ನಾಚಿಕೆ ಬೇಡ. ನಿದ್ದೆ ಕೆಡುತ್ತಿದ್ದರೆ, ಮನೆಯ ಫೋನ್ ರಿಂಗಾದರೂ ಎದೆ ಹೊಡೆದುಕೊಳ್ಳುತ್ತಿದ್ದರೆ ಯಾರ ಜೊತೆಗಾದರೂ ಮಾತಾಡಿ. ಆ 14416 ನಿಮಗೂ ಇದೆ.

ಪಾಳಿ ಮುಗಿದಾಗ ತೆರೆದ ಕೇಸ್‌ಗಳನ್ನು ಬಾಯಲ್ಲಿ ಹೇಳಿ ಒಪ್ಪಿಸಿ, ಸ್ಕ್ರೀನ್ ತೋರಿಸಿ ಹೋಗಬೇಡಿ. "ಇದು ಕೊಪ್ಪದ ಕೇಸ್, ಮದ್ದೂರಿನ ಹತ್ತಿರದ್ದು, ಚಿಕ್ಕಮಗಳೂರಿನದಲ್ಲ" ಅಂತ ಹೇಳಿ. ಬಂದವರು ಅದನ್ನು ವಾಪಸ್ ಹೇಳಿದ ಮೇಲೆ ಹೆಡ್‌ಸೆಟ್ ಬಿಚ್ಚಿ.